ಕಣ್ಣೆದುರಿಗಿದ್ದೂ ಕಾಣೆಯಾದ ಫೈಲು

ಬಿಲ್ಡ್ ಮುಗಿದಿದೆ. ಸೈಜು ನೋಡಿದರೆ ಹುಬ್ಬೇರುತ್ತದೆ: ನೀವು ಬರೆದದ್ದು ಬೆರಳೆಣಿಕೆಯ ಪೈಥಾನ್ ಫೈಲುಗಳು, ಡಾಕರ್ ತೋರಿಸುತ್ತಿರುವುದು 1 ಜಿಬಿ ಆಸುಪಾಸು. ಡಾಕರ್‌ಫೈಲಿನ ಮೊದಲ ಸಾಲಿನಲ್ಲಿ ಪೈಥಾನಿನ ಪೂರ್ತಿ ಇಮೇಜನ್ನೇ ಕರೆದಿದ್ದೀರಿ. ಅದರ ಹಿಂದೆಯೇ ಡೆಬಿಯನ್, ಸಿ ಕಂಪೈಲರು, ಗಿಟ್, ಸಾಲದ್ದಕ್ಕೆ ಇಮೇಜ್‌ಮ್ಯಾಜಿಕ್ಕೂ ಮದುವೆ ದಿಬ್ಬಣದಂತೆ ಬಂದಿಳಿದಿವೆ.

“ಆಲ್ಪೈನ್ ಹಾಕು ಗುರು, ಸರ್ರಂತ ಇಳಿಯತ್ತೆ,” ಅನ್ನುತ್ತದೆ ಪಕ್ಕದ ಸೀಟು.

ಹಾಕುತ್ತೀರಿ. ಆಲ್ಪೈನ್‌ನ ಬರೀ ಬೇಸ್ ಅಂದರೆ 4 ಎಂಬಿಯಷ್ಟು ಡೌನ್‌ಲೋಡು. ಒಳಹೊಕ್ಕು ‘ಬಿನ್’ ಫೋಲ್ಡರ್ ಪಟ್ಟಿ ಮಾಡಿದರೆ ಎಲ್ಎಸ್, ಕ್ಯಾಟ್, ಗ್ರೆಪ್, ಎಲ್ಲದರ ಮುಂದೂ ಬಾಣದ ಗುರುತು. ಎಲ್ಲವೂ ಬೊಟ್ಟು ಮಾಡುವುದು ಬಿಸಿಬಾಕ್ಸ್ ಎಂಬ ಒಂದೇ ಫೈಲಿನತ್ತ. ಸೊಗಸಾದ ಜಿಪುಣತನ.

ಈಗ ವೆಂಡರ್ ಕೊಟ್ಟ ಆ ಟೂಲನ್ನು ಓಡಿಸಿ. ಬೈನರಿ ಕಾಪಿ ಆಗಿದೆ, ಪರ್ಮಿಶನ್ ಇದೆ. ಎಂಟರ್. ‘ನಾಟ್ ಫೌಂಡ್.’ ಮತ್ತೆ ಪಟ್ಟಿ ಮಾಡುತ್ತೀರಿ: ಫೈಲು ಅಲ್ಲೇ ಕೂತಿದೆ. ಹೆಸರನ್ನು ಅಕ್ಷರ ಅಕ್ಷರವಾಗಿ ಓದುತ್ತೀರಿ, ತಪ್ಪಿಲ್ಲ. ಕೊನೆಗೆ ಸ್ಟ್ರಿಂಗ್ಸ್ ಕಮಾಂಡು ಕೊಟ್ಟು ಬೈನರಿಯೊಳಗಿನ ಅಕ್ಷರಗಳನ್ನು ಹೊರಗೆಳೆದಾಗ ಮೊದಲ ಸಾಲಿನಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ: ಜಿಲಿಬ್‌ಸಿ ಲೋಡರಿನ ವಿಳಾಸ. ಆಲ್ಪೈನ್‌ನಲ್ಲಿ ಜಿಲಿಬ್‌ಸಿ ಇಲ್ಲ, ಅದರ ಜಾಗದಲ್ಲಿರುವುದು ಮಸಲ್. ಕಾಣೆಯಾಗಿರುವುದು ಟೂಲಲ್ಲ, ಅದನ್ನೆತ್ತಿ ಓಡಿಸಬೇಕಾದ ಲೋಡರು. ಶೆಲ್ ಅಷ್ಟೆಲ್ಲ ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ.

ಪಿಪ್‌ನದೂ ಇದೇ ಕಥೆ. ಜಿಲಿಬ್‌ಸಿಗೆಂದು ಕಟ್ಟಿದ ವೀಲ್‌ಗಳು ಇಲ್ಲಿ ನಡೆಯುವುದಿಲ್ಲ. ಮಸಲ್‌ಗೇ ಪ್ರತ್ಯೇಕ ವೀಲ್ ಎಂಬ ಏರ್ಪಾಟು ಬಂದದ್ದು 2021ರಲ್ಲಿ. ಹೆಚ್ಚು ಬಳಕೆಯ ಪ್ಯಾಕೇಜುಗಳಿಗೆ ಈಗ ಸಿಗುತ್ತವೆ. ನಿಮಗೆ ಬೇಕಾದದ್ದಕ್ಕೆ ಸಿಗದಿದ್ದರೆ ಪಿಪ್ ಸೋರ್ಸ್ ಇಳಿಸಿಕೊಂಡು, ಜಿಸಿಸಿ ಕೊಡು ಎಂದು ಹಟ ಹಿಡಿಯುತ್ತದೆ. ಕೊಟ್ಟಿರೋ, ಇಮೇಜು ಮತ್ತೆ ಊದಿಕೊಂಡಿತು.

ಸಾಕು, ‘ಸ್ಲಿಮ್’ ಎಂದು ತಿದ್ದಿ. ಅದೂ ಡೆಬಿಯನ್ನೇ, ಕಂಪೈಲರು, ಮ್ಯಾನ್‌ಪೇಜು ಇಲ್ಲ, ನೂರು ಚಿಲ್ಲರೆ ಎಂಬಿ. ಟೂಲು ಮರುಮಾತಿಲ್ಲದೆ ಓಡುತ್ತದೆ. ಆ ನೂರಕ್ಕಾಗಿ ಹೊಟ್ಟೆ ಉರಿಸಿಕೊಳ್ಳಬೇಕಾಗಿಲ್ಲ: ಬೇಸ್ ಲೇಯರು ಸರ್ವರಿಗೆ ಒಮ್ಮೆ ಇಳಿದರೆ, ಅದೇ ಬೇಸಿನ ಮೇಲೆ ಕಟ್ಟಿದ ಉಳಿದ ಸರ್ವಿಸುಗಳೂ ಅದನ್ನೇ ಹಂಚಿಕೊಳ್ಳುತ್ತವೆ. ನನ್ನನ್ನು ಕೇಳಿದರೆ ಪೈಥಾನಿಗೆ ಸ್ಲಿಮ್ಮೇ ಸರಿ.

‘ಗೋ’ದಲ್ಲಿ ಬರೆದ ಸರ್ವಿಸಾದರೆ ಮಾತೇ ಬೇರೆ. ಸಿಗೋ ಆಫ್ ಮಾಡಿ ಒಂದೇ ಸ್ಟ್ಯಾಟಿಕ್ ಬೈನರಿ ತೆಗೆದು, ಮಲ್ಟಿಸ್ಟೇಜ್ ಬಿಲ್ಡಿನ ಕೊನೆಗೆ ಸ್ಕ್ರ್ಯಾಚ್ ಎಂಬ ಖಾಲಿ ಬೇಸಿಗೆ ಹಾಕುತ್ತೀರಿ. ಕಂಟೇನರ್ ಎದ್ದಿತು. ಹೊರಗಿನ ಮೊದಲ ಎಚ್‌ಟಿಟಿಪಿಎಸ್ ಕಾಲ್‌ಗೇ ಲಾಗಿನಲ್ಲಿ ಎಕ್ಸ್509 ಎರರ್. ಖಾಲಿ ಅಂದರೆ ಖಾಲಿಯೇ, ಸಿಎ ಸರ್ಟಿಫಿಕೇಟುಗಳೂ ಇಲ್ಲ. ಬಿಲ್ಡ್ ಹಂತದಿಂದ ಅವನ್ನು ಕಾಪಿ ಮಾಡುವ ಸಾಲು ಸೇರಿಸಿ. ಏಷ್ಯಾ/ಕೋಲ್ಕತಾ ಸಮಯ ಬೇಕಿದ್ದರೆ ಟೈಮ್‌ಝೋನ್ ಡೇಟಾಕ್ಕೆ ಇನ್ನೊಂದು. ಸರಿಯಾಯಿತೋ ಇಲ್ಲವೋ ಒಳಗೆ ಹೋಗಿ ನೋಡೋಣವೆಂದು ಎಕ್ಸೆಕ್ ಹೊಡೆಯಬೇಡಿ. ಅಲ್ಲಿ ಶೆಲ್ಲೂ ಇಲ್ಲ.