ದಶವಾರದ ಚೆನ್ನಮ್ಮ

ನಮ್ಮ ವಿರೂಪಾಕ್ಷಿಪುರದ ಕಡೆ ಕಿತ್ತೂರು ಚೆನ್ನಮ್ಮ ಎಂದರೆ ಮೊದಲು ಕಣ್ಣಿಗೆ ಬರುವವರು ಬಿ. ಸರೋಜಾದೇವಿ. ಅವರ ಹಿರಿಯರ ಊರು ದಶವಾರ, ಇದೇ ಚನ್ನಪಟ್ಟಣ ತಾಲ್ಲೂಕಿನದು. ಹೀಗಿರುವಾಗ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದ ಬಗ್ಗೆ ಇಲ್ಲಿ ಕುಳಿತು ತಕರಾರು ತೆಗೆಯುವುದು ಬೀಗರ ಮನೆ ಪಂಕ್ತಿಯಲ್ಲಿ ಸಾರಿಗೆ ಉಪ್ಪು ಕಮ್ಮಿ ಎಂದ ಹಾಗೆ. ಆದರೂ ಎರಡು ಮಾತಿದೆ.

ನಾನದನ್ನು ನೋಡಿದ್ದು ದೂರದರ್ಶನದಲ್ಲಿ, ಒಂದು ಭಾನುವಾರ ಸಂಜೆ. ಮನೆಯಲ್ಲಿ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ರೇಷ್ಮೆಹುಳ. ಅವಕ್ಕೆ ಹಸಿವಾದರೆ ರಾಣಿಯೂ ಇಲ್ಲ, ಕಂಪನಿ ಸರ್ಕಾರವೂ ಇಲ್ಲ. ಹಾಡು ಶುರುವಾದಾಗಲೆಲ್ಲ ಅಜ್ಜಿ ಎದ್ದು ತಟ್ಟೆಗಳಿಗೆ ಸೊಪ್ಪು ಹಾಕಿ ಬರುವಳು, ಬಂದು “ಯುದ್ಧ ಬಂತೇನ್ಲಾ?” ಎನ್ನುವಳು. ಬಂದಿರುತ್ತಿರಲಿಲ್ಲ. ಚೆನ್ನಮ್ಮನ ಗಂಡ ಮಲ್ಲಸರ್ಜನಾಗಿ ರಾಜಕುಮಾರ್ ಇದ್ದಮೇಲೆ ಅವನ ಸಂಸಾರ ಅಷ್ಟು ಬೇಗ ಮುಗಿದೀತೆ? ಪಿ. ಸುಶೀಲಾ ಅಕ್ಕಮಹಾದೇವಿಯ ವಚನ ಹಾಡಿದಾಗ ಮಾತ್ರ ಅಜ್ಜಿ ಕದಲಲಿಲ್ಲ. ಹುಳ ಕಾಯ್ದವು.

ನಿರ್ದೇಶಕ ಬಿ.ಆರ್. ಪಂತುಲು ಸುಮ್ಮನೆ ಕೂರುವ ಜಾಯಮಾನದವರಲ್ಲ. 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’. ಚೆನ್ನಮ್ಮ ತೆರೆಗೆ ಬಂದ ವರ್ಷವೇ ವ.ಉ. ಚಿದಂಬರಂ ಪಿಳ್ಳೆಯವರ ಕತೆ ‘ಕಪ್ಪಲೋಟ್ಟಿಯ ತಮಿಳನ್’. ಮೂರು ವರ್ಷದೊಳಗೆ ಬ್ರಿಟಿಷರ ಎದುರು ಮೂವರನ್ನು ನಿಲ್ಲಿಸಿದ ಮನುಷ್ಯ. ಆ ಭರದಲ್ಲಿ ಕಟ್ಟಬೊಮ್ಮನ ಆವೇಶ ಚೆನ್ನಮ್ಮನಿಗೂ ಅಂಟಿತು ಎಂದು ನನ್ನ ಗುಮಾನಿ. ಅವನು ತೆರಿಗೆ ಕೇಳಿದವನ ಮೇಲೆ ಗುಡುಗುತ್ತಾನೆ, ಇವಳು ಕಪ್ಪ ಕೇಳಿದವನ ಮೇಲೆ.

ನಿಜಕ್ಕೂ ಜಗಳ ಹತ್ತಿದ್ದು ಕಪ್ಪಕ್ಕಲ್ಲ. ಪೇಶ್ವೆ ಬಿದ್ದ ಮೇಲೆ ಕಿತ್ತೂರು ಕಂಪನಿಗೆ ಕಪ್ಪ ಕಟ್ಟುತ್ತಲೇ ಇತ್ತು. 1824ರಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅವನ ದತ್ತು ಊರ್ಜಿತವೋ ಅಲ್ಲವೋ ಎಂಬ ತಂಟೆ ತೆಗೆದು ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮೊಹರು ಹಾಕಿಸಿದ. ರಾಣಿ ಮೊದಲು ಹಿಡಿದದ್ದು ಕತ್ತಿಯನ್ನಲ್ಲ. ಮುಂಬಯಿ ಗವರ್ನರ್‌ವರೆಗೆ ಕಾಗದ ಬರೆಸಿದಳು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿ ತೀರಿಕೊಂಡಳು. ಮಕ್ಕಳಿಲ್ಲದ ಮನೆ, ದತ್ತು, ಅದನ್ನು ಒಪ್ಪದ ಕಚೇರಿ, ಬರೆದಷ್ಟೂ ಮುಗಿಯದ ಅರ್ಜಿ: ಪಹಣಿಗಾಗಿ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ ನಮ್ಮೂರಿನ ಯಾರಿಗಾದರೂ ಆ ಕತೆ ತಟ್ಟನೆ ಅರ್ಥವಾಗುತ್ತಿತ್ತು. ಪಂತುಲು ಅದನ್ನು ಗುಡುಗಿನಡಿ ಮುಚ್ಚಿಬಿಟ್ಟರು ಎಂಬುದೇ ನನ್ನ ಮುನಿಸು.

ಮುನಿಸು ಮಾಡಿಕೊಂಡವನು ಇನ್ನೊಂದನ್ನೂ ಹೇಳಬೇಕು. 1956ರಲ್ಲಿ ಒಂದಾದ ನಾಡಿನಲ್ಲಿ, ಹಳೇ ಮೈಸೂರಿನ ರಾಗಿ ಸೀಮೆಯವರಲ್ಲಿ ಕಿತ್ತೂರು ಯಾವ ದಿಕ್ಕಿಗಿದೆ ಎಂದು ಎಷ್ಟು ಜನಕ್ಕೆ ಗೊತ್ತಿತ್ತು? ಪಂತುಲು ಮತ್ತು ಚನ್ನಪಟ್ಟಣ ಮೂಲದ ಇಪ್ಪತ್ತಮೂರರ ಹುಡುಗಿಯೊಬ್ಬಳು ಸೇರಿ ಬೆಳಗಾವಿಯ ರಾಣಿಯನ್ನು ನಮ್ಮ ಹಟ್ಟಿಗೆ ಕರೆತಂದರು. ಸಂಭಾಷಣೆ ಎಷ್ಟೇ ಅಬ್ಬರಿಸಲಿ, ಸರೋಜಾದೇವಿಯ ಕತ್ತು ಮಾತ್ರ ತಗ್ಗುವುದಿಲ್ಲ. ಅದೇ ವಯಸ್ಸಿನಲ್ಲಿ ತಮಿಳು ಚಿತ್ರಗಳಲ್ಲಿ ನಾಚುತ್ತಿದ್ದ ಹೆಣ್ಣು ಇವಳೇನಾ ಎನಿಸುತ್ತದೆ. 2025ರ ಜುಲೈ 15ರಂದು ದಶವಾರದಲ್ಲಿ ತಾಯಿ ರುದ್ರಮ್ಮನವರ ಸಮಾಧಿಯ ಪಕ್ಕ ಅವರನ್ನು ಮಣ್ಣು ಮಾಡಿದರು. ಮಲ್ಲಸರ್ಜನ ಹಿರಿಯ ರಾಣಿಯ ಹೆಸರೂ ರುದ್ರಮ್ಮ ಎಂಬುದು ಆಗ ಹೊಳೆಯಿತು; ಅದಕ್ಕೇನೂ ಅರ್ಥವಿಲ್ಲ, ಹೊಳೆಯಿತು ಅಷ್ಟೆ.

ಮೊನ್ನೆ ರಾಜ್ಯೋತ್ಸವಕ್ಕೆ ತಂಗಿಯ ಮಗಳು ಚೆನ್ನಮ್ಮನ ವೇಷ ಹಾಕಿದಳು. ದತ್ತು, ಮೊಹರು, ಗವರ್ನರಿಗೆ ಬರೆದ ಕಾಗದ ಎಲ್ಲ ಸೇರಿಸಿ ಹೊಸ ಮಾತು ಬರೆದುಕೊಟ್ಟೆ. ಓದಿ ಮಡಚಿ ವಾಪಸ್ ಕೊಟ್ಟಳು: “ಮಾವ, ಅರ್ಜಿ ಬರೆಯೋಕೆ ಕತ್ತಿ ಯಾಕೆ ಹಿಡ್ಕೊಂಡಿರ್ತೀನಿ? ಕಪ್ಪದ್ದೇ ಹೇಳ್ತೀನಿ.”