ನನ್ನ ಪಾಲಿನ ಕಪ್ಪೆ

ಧರ್ಮವನ್ನು ಮನೆಯಲ್ಲಿಯೂ ವಿಜ್ಞಾನವನ್ನು ಕಾಲೇಜಿನಲ್ಲಿಯೂ ಕಲಿತ ನಮ್ಮ ತಲೆಮಾರಿನ ಅನೇಕರಿಗೆ ಇವೆರಡೂ ಎದುರುಬದುರಾಗಿ ನಿಂತ ಒಂದು ದಿನ ನೆನಪಿರುತ್ತದೆ. ನನಗೆ ಅಂತಹ ದಿನ ಬಂದುದು ದ್ವಿತೀಯ ಪಿ.ಯು.ಸಿ.ಯ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ.

ನಮ್ಮ ಮನೆ ಚುಂಚನಕಟ್ಟೆಯಲ್ಲಿ. ಕಾವೇರಿ ಬಂಡೆಗಳ ನಡುವೆ ಧುಮುಕುವ ಸದ್ದು, ಕೋದಂಡರಾಮನ ಗುಡಿ, ನಾಲೆಯ ಆಚೀಚೆ ಭತ್ತದ ಗದ್ದೆ, ಇವೇ ನನ್ನ ಬಾಲ್ಯ. ಬಸದಿಯ ದರ್ಶನಕ್ಕೆ ಸಾಲಿಗ್ರಾಮಕ್ಕೆ ಹೋಗುತ್ತಿದ್ದೆವು. 1984ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ನನ್ನನ್ನು ತಂದೆಯವರು ವಿಜ್ಞಾನ ವಿಭಾಗಕ್ಕೆ ಸೇರಿಸಿದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಓದಿದರೆ ವೈದ್ಯಕೀಯ, ಇಂಜಿನಿಯರಿಂಗ್ ಎರಡರ ಬಾಗಿಲೂ ತೆರೆದಿರುತ್ತದೆಂಬುದು ಅವರ ಲೆಕ್ಕಾಚಾರ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನ ಪಾಠ ಅರ್ಥವಾಗಲು ಆರು ತಿಂಗಳು ಹಿಡಿಯಿತು.

ಆದರೆ ಸೂಕ್ಷ್ಮದರ್ಶಕಕ್ಕೆ ಭಾಷೆ ಬೇಕಿರಲಿಲ್ಲ. ಕೆರೆಯ ನೀರಿನ ಒಂದು ಹನಿಯಲ್ಲಿ ಪ್ಯಾರಮೀಸಿಯಂಗಳು ಅತ್ತಿಂದಿತ್ತ ಓಡಾಡುವುದನ್ನು ಕಂಡ ದಿನ ನಾನು ಓಡುತ್ತ ಮನೆಗೆ ಬಂದೆ. ನಮ್ಮಜ್ಜಿ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ನೀರು ತಂದ ಬಾವಿಗೇ ಹಿಂಡಿ ಬರುತ್ತಿದ್ದರು. ಬಟ್ಟೆಯಲ್ಲಿ ಸಿಕ್ಕಿದ ಜೀವ ತನ್ನ ನೆಲೆಗೆ ಮರಳಬೇಕೆಂಬುದು ಅವರ ನಿಯಮ. ಬಟ್ಟೆಯ ಎಳೆಗಳ ನಡುವೆ ನುಸುಳಿಹೋಗುವಷ್ಟು ಚಿಕ್ಕ ಜೀವಿಗಳೂ ಇವೆಯೆಂದು ನಾನು ಹೇಳಿದಾಗ ಅವರು ಬೇಸರಪಡಲಿಲ್ಲ. "ಇಷ್ಟು ದಿನ ತಿಳಿಯದೆ ಆಯಿತು. ನೀನು ಕಣ್ಣಾರೆ ಕಂಡಿದ್ದೀಯೆ. ಇನ್ನು ಮೇಲೆ ನೀನು ನನಗಿಂತ ಜೋಪಾನವಾಗಿರಬೇಕು ಮಗು" ಎಂದರು.

ಮರುವರ್ಷ ಕಪ್ಪೆಯ ಪಾಠ ಬಂದಿತು. ಊರ ಹುಡುಗರು ನಾಲೆಯ ಬದಿಯಿಂದ ಹಿಡಿದು ತಂದ ಕಪ್ಪೆಗಳನ್ನು ಕ್ಲೋರೋಫಾರಂ ಹಾಕಿದ ಜಾಡಿಯಲ್ಲಿಟ್ಟು, ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ, ಕಾಲುಗಳಿಗೆ ಗುಂಡುಪಿನ್ನು ಚುಚ್ಚಿ ಕೊಡುತ್ತಿದ್ದರು. ತಲೆಗೊಂದು ಕಪ್ಪೆ. ನಾನು ಕತ್ತರಿಯನ್ನು ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಗೆಳೆಯ, ನೆರೆಯೂರಿನ ರೈತರ ಮಗ, ತನ್ನದನ್ನು ಮುಗಿಸಿ ನನ್ನದನ್ನೂ ಕೊಯ್ದುಕೊಟ್ಟ. ತೆರೆದ ಎದೆಯಲ್ಲಿ ಹೃದಯ ಇನ್ನೂ ಮಿಡಿಯುತ್ತಿತ್ತು. ಎರಡು ಹೃತ್ಕರ್ಣ, ಒಂದು ಹೃತ್ಕುಕ್ಷಿ. ನಾನು ಅದನ್ನು ನೋಡಿ ನೋಡಿ ರೆಕಾರ್ಡು ಪುಸ್ತಕದಲ್ಲಿ ಅಂದವಾದ ಚಿತ್ರ ಬರೆದೆ. ಆ ಚಿತ್ರಕ್ಕೆ ಪೂರ್ಣ ಅಂಕ ದೊರೆಯಿತು.

ವಾರ್ಷಿಕ ಪರೀಕ್ಷೆಯಲ್ಲಿ ಸಹಾಯಕ್ಕೆ ಯಾರೂ ಇರಲಿಲ್ಲ. ಛೇದನದ ಪ್ರಶ್ನೆಯನ್ನು ನಾನು ಹಾಗೆಯೇ ಬಿಟ್ಟೆ. ವೈದ್ಯಕೀಯ ಸೀಟು ದೊರೆಯಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾದೆ. ಧರ್ಮಕ್ಕಾಗಿ ಅಂಕಗಳನ್ನು ತ್ಯಜಿಸಿದೆನೆಂಬ ಅಭಿಮಾನ ಬಹುಕಾಲ ನನ್ನಲ್ಲಿತ್ತು. ಸ್ವಾಧ್ಯಾಯದ ಗೋಷ್ಠಿಗಳಲ್ಲಿ ಅದನ್ನು ಹೇಳಿಕೊಂಡದ್ದೂ ಉಂಟು.

ಆ ಅಭಿಮಾನ ಮುರಿದದ್ದು ಒಂದು ಸಂಕ್ರಾಂತಿಯ ಸಮಯದಲ್ಲಿ, ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ. ಎತ್ತು ಕೊಳ್ಳಲು ಬಂದಿದ್ದ ಆ ಗೆಳೆಯ ಸಿಕ್ಕಿದ. ಹಳೆಯ ಮಾತು ಬಂದಾಗ ನನ್ನ ತ್ಯಾಗದ ಕಥೆಯನ್ನು ಹೇಳಿದೆ. ಅವನು ನಕ್ಕು, "ನಿನ್ನ ಪಾಲಿನ ಕಪ್ಪೇನೂ ನಾನೇ ಕೊಯ್ದೆ ಕಣಯ್ಯ. ಆ ಪಾಪ ಯಾರ ಲೆಕ್ಕಕ್ಕೆ ಬರೆದುಕೊಂಡಿದ್ದೀಯ?" ಎಂದ. ಅದರಲ್ಲಿ ಕೊಂಕಿರಲಿಲ್ಲ, ಆದರೂ ನಾನು ಉತ್ತರಿಸಲಾರದೆ ಹೋದೆ.

ಉತ್ತರ ನಮ್ಮ ಶಾಸ್ತ್ರದಲ್ಲಿಯೇ ಇತ್ತು. ಕೃತ, ಕಾರಿತ, ಅನುಮೋದಿತ: ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಮೂರರಲ್ಲಿ ಒಂದನ್ನು ಮಾತ್ರ ಬಿಟ್ಟು ಉಳಿದೆರಡನ್ನು ನಾನು ಮಾಡಿದ್ದೆ. ಪರೀಕ್ಷೆಯ ದಿನ ನಾನು ಮುಟ್ಟದೆ ಬಿಟ್ಟ ಕಪ್ಪೆಯೂ ಬದುಕಲಿಲ್ಲ. ಅದನ್ನು ನನಗಾಗಿಯೇ ಜಾಡಿಗೆ ಹಾಕಿದ್ದರು. ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಸಂಪೂರ್ಣವಾಗಿ ತಪ್ಪುವುದಿಲ್ಲ. ಆದರೆ ಸಂಕಲ್ಪಿ ಹಿಂಸೆಯನ್ನು ಅವನು ಬಿಡಲೇಬೇಕು. ಪಂಚೇಂದ್ರಿಯ ಜೀವವೊಂದನ್ನು ತಿಳಿದೂ ತಿಳಿದೂ ಕೊಲ್ಲಿಸುವುದನ್ನು ವಿದ್ಯೆಯ ಹೆಸರಿನಲ್ಲಿ ಉದ್ಯೋಗಿ ಹಿಂಸೆಯೆಂದು ಕರೆದು ಸಮಾಧಾನಪಡಬಹುದೆ? ಅಂದು ಒಂದು ಮಾತು ಕೇಳುವ ಧೈರ್ಯ ನನಗಿದ್ದಿದ್ದರೆ ಸಾಕಾಗಿತ್ತು: "ಸಾರ್, ಇಡೀ ತರಗತಿಗೆ ಒಂದೇ ಕಪ್ಪೆ ಸಾಲದೆ? ಪಟವೇ ಸಾಲದೆ?" ಹಾಗೆ ಕೇಳಿದ್ದರೆ ಗೆಳೆಯನ ಕೈಯೂ ಉಳಿಯುತ್ತಿತ್ತು.

ಕಾಲ ಬದಲಾಗಿದೆ. ಕಪ್ಪೆಯ ಕಾಲುಗಳ ರಫ್ತನ್ನು ಭಾರತ ಸರ್ಕಾರ 1987ರಲ್ಲಿ ನಿಷೇಧಿಸಿತು. ಗದ್ದೆಯ ಕೀಟಗಳನ್ನು ತಿಂದು ಬೆಳೆ ಕಾಯುವ ಕಪ್ಪೆಯ ಬೆಲೆ ಆ ವೇಳೆಗೆ ತಿಳಿದಿತ್ತು. 2014ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿಯೂ ಪ್ರಾಣಿಛೇದನವನ್ನು ಕೈಬಿಡುವಂತೆ ಸೂಚಿಸಿತು. ಮಾದರಿಗಳಿಂದಲೂ ಕಂಪ್ಯೂಟರಿನ ಚಿತ್ರಗಳಿಂದಲೂ ಹೃದಯದ ರಚನೆಯನ್ನು ಇಂದಿನ ಮಕ್ಕಳು ಕಲಿಯುತ್ತಾರೆ. ವಿದ್ಯೆಗೇನೂ ಕುಂದಾಗಿಲ್ಲ. ಅಂದ ಮೇಲೆ ಅಂದು ಸತ್ತ ಕಪ್ಪೆಗಳ ಸಾವು ಅನಿವಾರ್ಯವಾಗಿರಲಿಲ್ಲ.

ಆದರೂ ನನ್ನ ಗೆಳೆಯನ ಪ್ರಶ್ನೆ ಹಳೆಯದಾಗಿಲ್ಲ. ನಾವು ಕೈಯಾರೆ ಮಾಡದ, ಆದರೆ ನಮಗಾಗಿ ಬೇರೊಬ್ಬರು ಮಾಡುವ ಹಿಂಸೆ ಎಷ್ಟಿದೆ? ಗೂಡಿನೊಳಗಿನ ಹುಳುವನ್ನು ಬಿಸಿ ಹಬೆಯಲ್ಲಿ ಕೊಂದು ತೆಗೆದ ರೇಷ್ಮೆಯನ್ನುಟ್ಟು ಮಡಿಯೆಂದು ಪೂಜೆಗೆ ನಿಲ್ಲುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮದುವೆಯ ಸೀರೆ ಕೊಳ್ಳುವಾಗ, ಬಸದಿಗೆ ವಸ್ತ್ರ ಅರ್ಪಿಸುವಾಗ ಇದನ್ನು ಒಮ್ಮೆ ಯೋಚಿಸಬೇಕೆಂದು ಶ್ರಾವಕ ಬಂಧುಗಳಲ್ಲಿಯೂ ವಿಶ್ವಸ್ತ ಮಂಡಳಿಗಳಲ್ಲಿಯೂ ನನ್ನ ವಿನಂತಿ.

ಅಜ್ಜಿ ಹೇಳಿದ್ದು ಇಷ್ಟೆ: ಕಂಡವನು ಹೆಚ್ಚು ಜೋಪಾನವಾಗಿರಬೇಕು. ವಿಜ್ಞಾನ ನನಗೆ ಕಾಣಲು ಕಲಿಸಿತು. ಜೋಪಾನವನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.