ಸೊನ್ನೆಗಳ ಸಹವಾಸ

ಕರ್ನಾಟಕದ 2025-26ರ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಇದನ್ನು ಓದಿ ಹುಬ್ಬೇರಿಸಿದವರನ್ನು ನಾನಂತೂ ಕಾಣೆ. ಅದೇ ಟೊಮೆಟೊ ಕಿಲೋಗೆ ಇಪ್ಪತ್ತು ರೂಪಾಯಿ ಏರಲಿ, ಬೀದಿಯೆಲ್ಲ ಅದೇ ಮಾತು! ಇಪ್ಪತ್ತು ಕೈಗೆ ಸಿಗುವ ಸಂಖ್ಯೆ. ಲಕ್ಷ ಕೋಟಿ ಬರೀ ಸದ್ದು.

ರೂಪಾಯಿಯ ಜಾಗದಲ್ಲಿ ಸೆಕೆಂಡು ಇಟ್ಟು ನೋಡಿ. ಲಕ್ಷ ಸೆಕೆಂಡು ಮುಗಿಯುವುದು ನಾಳೆ ಈ ಹೊತ್ತು ದಾಟಿ ಇನ್ನೂ ಸುಮಾರು ನಾಲ್ಕು ತಾಸಿಗೆ. ಕೋಟಿ ಸೆಕೆಂಡು ಹೆಚ್ಚುಕಡಿಮೆ ಒಂದು ಚಾತುರ್ಮಾಸ್ಯ. ನೂರು ಕೋಟಿಗೆ 32 ವರ್ಷ; ಕೆಲಸಕ್ಕೆ ಸೇರಿದವನು ಪಿಂಚಣಿಯ ಕಾಗದ ಜೋಡಿಸುವ ಹೊತ್ತು. ಲಕ್ಷ ಕೋಟಿಗೆ? ಸುಮಾರು 31,700 ವರ್ಷ! ಬಜೆಟ್ಟನ್ನು ಸೆಕೆಂಡಿಗೊಂದು ರೂಪಾಯಿಯಂತೆ ಎಣಿಸಲು ಕೂತರೆ ಊಟ, ನಿದ್ದೆ ಬಿಟ್ಟರೂ 1.3 ಲಕ್ಷ ವರ್ಷ ಏಳುವಂತಿಲ್ಲ. ಲಕ್ಷ, ಕೋಟಿ, ಲಕ್ಷ ಕೋಟಿ ಎಂದಾಗ ಕಿವಿಗೆ ಸಮನಾದ ಮೆಟ್ಟಿಲುಗಳೆನಿಸುತ್ತವೆ. ಮೊದಲ ಮೆಟ್ಟಿಲಿಗೆ ಎರಡೇ ಸೊನ್ನೆ, ಮುಂದಿನದಕ್ಕೆ ಐದು ಎಂಬುದು ಕಿವಿಗೇನು ಗೊತ್ತು?

ದೊಡ್ಡ ಸಂಖ್ಯೆಗಳ ಹೆಸರುಗಳಿಗೆ ಬರವೇನೂ ಇರಲಿಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಕೊನೆಯದು ಮಹಾಕ್ಷೋಭ, ಅಂದರೆ ಹತ್ತರ 23ನೇ ಘಾತ. ಒಂಬತ್ತನೇ ಶತಮಾನದಲ್ಲಿ ಅಷ್ಟೊಂದು ಏನಿತ್ತು ಎಣಿಸಲು ಎನ್ನುತ್ತೀರಾ? ಬಿಂದಿಗೆಯಲ್ಲೇ ಇತ್ತು. ಹದಿನೆಂಟು ಗ್ರಾಂ ನೀರಿನಲ್ಲಿ, ಅಂದರೆ ಒಂದು ಸಣ್ಣ ಗುಟುಕಿನಲ್ಲಿ, ಆರು ಮಹಾಕ್ಷೋಭ ಅಣುಗಳು. ಪಾಪ, ಆಚಾರ್ಯನಿಗೆ ಅದನ್ನು ಹೇಳುವವರಿರಲಿಲ್ಲ.

ಈಗಿನವರು ಹೆಸರಿನ ಗೋಜಿಗೇ ಹೋಗದೆ ಹತ್ತರ ನೆತ್ತಿಯ ಮೇಲೆ ಪುಟ್ಟ ಅಂಕಿ ಕೂರಿಸುತ್ತಾರೆ. ಅನುಕೂಲವೇನೋ ಹೌದು, ಆದರೆ ಆ ಪುಟಾಣಿ ಮಹಾ ಮಳ್ಳ. ಸಿರಕ್ಯೂಸಿನ ಆರ್ಕಿಮಿಡೀಸ್ ಒಂದು ಗಸಗಸೆ ಕಾಳಿಗೆ ಹತ್ತು ಸಾವಿರ ಮರಳ ಕಣ ಎಂದು ಹಿಡಿದು, ತನಗೆ ತಿಳಿದಿದ್ದ ವಿಶ್ವವನ್ನೆಲ್ಲ ಮರಳಿನಿಂದ ತುಂಬಿದರೂ ಹತ್ತರ 63ನೇ ಘಾತ ದಾಟದು ಎಂದು ಲೆಕ್ಕಹಾಕಿ, ಗೆಲೊನ್ ರಾಜನಿಗೆ ಬರೆದ. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳು ಹತ್ತರ 80ನೇ ಘಾತದಷ್ಟು ಎಂಬುದು ಇಂದಿನ ಅಂದಾಜು. ಹದಿನೇಳೇ ತಾನೆ ವ್ಯತ್ಯಾಸ ಎನ್ನಬೇಡಿ. ವಿಶ್ವ ಹುಟ್ಟಿ 1,380 ಕೋಟಿ ವರ್ಷ. ಅಂದಿನಿಂದ ಸೆಕೆಂಡಿಗೊಮ್ಮೆ ಆರ್ಕಿಮಿಡೀಸನ ಅಷ್ಟೂ ಮರಳನ್ನು ತಂದು ಸುರಿದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ನಾಲ್ಕು ಪಟ್ಟು ಹೆಚ್ಚಾದೀತು. ಈ ವ್ಯಾಪಾರದಲ್ಲಿ ಅದು ಚಿಲ್ಲರೆ.